ಎರಡು ಹಾಡುಗಳ ನಡುವೆ

ಮೊದಲ ದಿನವೇ ನನ್ನ ತಂಗಿ ಶೀತಲ್ ಆ ಅಂಗಡಿಯ ಮೂರನೆಯ ಸಾಲಿಗೆ ಕಾಲಿಡಲಿಲ್ಲ.

ಬೆಳಿಗ್ಗೆ ಒಂಬತ್ತರ ಹೊತ್ತು. ಅವಳು ನನ್ನ ಕುರ್ತಾದ ಅಂಚು ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದಳು. ಬಿಸ್ಕತ್ತಿನ ಸಾಲು, ಸಾಬೂನಿನ ಸಾಲು ದಾಟಿದೆವು. ಮೂರನೆಯದು ಎಣ್ಣೆ ಡಬ್ಬಿ ಮತ್ತು ಉಪ್ಪಿನದು. ಅದರ ಬಾಯಿಗೆ ಬಂದವಳು ನಿಂತುಬಿಟ್ಟಳು. ನೆಲದ ಬಿಳಿ ಟೈಲ್ಸನ್ನು ಒಂದಷ್ಟು ಹೊತ್ತು ನೋಡಿ, ಅಂಚು ಬಿಟ್ಟು, ನಾಲ್ಕನೆಯ ಸಾಲಿನಿಂದ ಸುತ್ತಿ ಹಿಂದಿನ ಕೋಣೆಗೆ ಹೋದಳು.

"ಅಲ್ಲಿ ಬ್ಯಾಡ," ಎಂದಳು.

ಹಾಡಿನ ಕಾರಣಕ್ಕೆ ಇರಬೇಕು ಅಂದುಕೊಂಡೆ. ಅಂಗಡಿಯ ಛಾವಣಿಯಲ್ಲಿ ಎಂಟು ಸಣ್ಣ ಸ್ಪೀಕರ್‌ಗಳಿದ್ದವು. ಅವಲ್ಲದೆ ಮೂರನೆಯ ಸಾಲಿನ ತುದಿಯಲ್ಲಿ, ಮೆಟ್ಟಿಲ ಕೆಳಗೆ, ತಿಜೋರಿಯಷ್ಟು ದೊಡ್ಡ ಒಂದು ಕರಿ ಪೆಟ್ಟಿಗೆ ಇತ್ತು. ಹಾಡಿನ ತಬಲ, ಡೋಲು ಎಲ್ಲ ಅದರಿಂದ ಬರುತ್ತಿದ್ದವು. ಅದರ ಹತ್ತಿರ ನಿಂತರೆ ಹಲ್ಲಿನಲ್ಲಿ ಸದ್ದು ತಿಳಿಯುತ್ತಿತ್ತು. ಬೆಳಿಗ್ಗೆ ಶಟರ್ ಎತ್ತಿದಾಗ ಶುರುವಾದ ಹಾಡು ಶಟರ್ ಇಳಿಯುವವರೆಗೆ ನಿಲ್ಲುತ್ತಿರಲಿಲ್ಲ. ಹಾಡಿದ್ದರೆ ಗಿರಾಕಿ ಹೆಚ್ಚು ಹೊತ್ತು ನಿಲ್ಲುತ್ತಾನೆ ಎಂದು ಹೈದರಾಬಾದಿನಲ್ಲಿ ಯಾರೋ ಮಾಲೀಕ ತುಳಜಾರಾಮ ಸಾವ್ಕಾರರಿಗೆ ಹೇಳಿದ್ದರಂತೆ.

ಶೀತಲ್‌ಳಿಗೆ ಇಪ್ಪತ್ತೊಂದು ವರ್ಷ. ಅವಳಿಗಿರುವುದು ಆಟಿಸಂ ಎಂದು ನಮಗೆ ಗೊತ್ತಾದದ್ದು ಅವಳ ಹದಿನಾಲ್ಕನೆಯ ವರ್ಷದಲ್ಲಿ, ಕಲಬುರಗಿಯ ಒಬ್ಬ ಡಾಕ್ಟರಿಂದ. ಅಲ್ಲಿಯವರೆಗೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಅವಳಿಗೆ ಬೇರೆ ಹೆಸರುಗಳಿದ್ದವು. ನಮಗೆ ಹತ್ತಿರದ ಸದ್ದು ದೊಡ್ಡದು, ದೂರದ್ದು ಸಣ್ಣದು, ಬೇಡವಾದದ್ದು ಸ್ವಲ್ಪ ಹೊತ್ತಿಗೆ ಇಲ್ಲವೇ ಇಲ್ಲ. ಅವಳಿಗೆ ಎಲ್ಲವೂ ಒಂದೇ ಗಾತ್ರ. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಪಕ್ಕದ ಮನೆಯ ಕುಕ್ಕರು, ನನ್ನ ಕೈಬಳೆ, ರಸ್ತೆಯ ಲಾರಿ, ಎಲ್ಲ ಒಟ್ಟಿಗೆ, ಎಲ್ಲ ಕಿವಿಯ ಬುಡದಲ್ಲೇ. ಬಸ್ಸಿನ ಎಂಜಿನ್ನು ಮಾತ್ರ ಅವಳಿಗೆ ಇಷ್ಟ, ಏಕೆಂದರೆ ಅದು ಬದಲಾಗುವುದಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿನ ಈ ಅಂಗಡಿಗೆ ಹೋಗುವ ಮುಕ್ಕಾಲು ತಾಸು ಅವಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ, ಪೂಜೆಗೆ ಕೂತವಳಂತೆ ಇರುತ್ತಿದ್ದಳು. ರಾಜೇಶ್ವರದ ನಿಲ್ದಾಣದಲ್ಲಿ ಡ್ರೈವರ್ ಎಂಜಿನ್ ಆರಿಸಿದರೆ ಮಾತ್ರ ಕಣ್ಣು ತೆರೆಯುತ್ತಿದ್ದಳು.

ಅವಳನ್ನು ಅಂಗಡಿಗೆ ಕರೆದೊಯ್ಯದೆ ನನಗೆ ಬೇರೆ ದಾರಿ ಇರಲಿಲ್ಲ. ಅಪ್ಪ ಮಚ್ಚೇಂದ್ರ ಕಾಮಾಲೆಯಿಂದ ತೀರಿಕೊಂಡು ಮೂರು ವರ್ಷ. ಅವ್ವ ಶೇವಂತಾಬಾಯಿ ಒಂದು ವಸತಿ ಶಾಲೆಯಲ್ಲಿ ಅಡುಗೆಗೆ ಹೋಗುತ್ತಾಳೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ಸಂಜೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಈ ಅಂಗಡಿಯಲ್ಲಿ ಪೊಟ್ಟಣಗಳ ತಾರೀಕು ನೋಡುವ, ಸಾಲು ಜೋಡಿಸುವ ಕೆಲಸದಲ್ಲಿದ್ದೆ. ಹೋದ ಮಳೆಗಾಲದಲ್ಲಿ, ಅವ್ವ, ನಾನು ಇಬ್ಬರೂ ಮನೆಯಲ್ಲಿಲ್ಲದಾಗ, ಓಣಿಯೊಳಗೆ ಡಿಜೆ ಹಚ್ಚಿಕೊಂಡು ಮದುವೆಯ ಮೆರವಣಿಗೆ ಬಂತು. ಶೀತಲ್ ಕಿವಿ ಮುಚ್ಚಿಕೊಂಡು ಓಡಿದಳು. ಮರುದಿನ ಸಿಕ್ಕಿದ್ದು ಸಸ್ತಾಪುರ ಬಂಗ್ಲಾದ ಹೆದ್ದಾರಿಯ ಮಗ್ಗುಲಲ್ಲಿ, ಚರಂಡಿಗೆಂದು ತಂದಿಟ್ಟಿದ್ದ ಸಿಮೆಂಟಿನ ಕೊಳವೆಯೊಳಗೆ.

ಆಮೇಲೆ ಮಾಮಾ ಕಲಬುರಗಿಯ ಒಂದು ಸಂಸ್ಥೆಯ ಅರ್ಜಿ ತಂದುಕೊಟ್ಟ. ಅಲ್ಲಿ ಬಿಟ್ಟರೆ ಅವರೇ ನೋಡಿಕೊಳ್ಳುತ್ತಾರೆ ಎಂದ. ನಾನು ಹೋಗಿ ನೋಡಿ ಬಂದೆ. ಒಂದು ಉದ್ದನೆಯ ಹಾಲ್, ಸಾಲಾಗಿ ಕೂತ ಹೆಂಗಸರು, ಗೋಡೆಯ ಮೇಲೆ ಬೆಳಗಿನಿಂದ ಕಿರುಚುತ್ತಿದ್ದ ಟಿ.ವಿ. ಸ್ವಲ್ಪ ಸಣ್ಣ ಮಾಡಬಹುದೇ ಎಂದು ಅಲ್ಲಿಯ ಆಯಾಳನ್ನು ಕೇಳಿದೆ.

"ಸದ್ದಿದ್ರ ಸುಮ್ಮ ಕುಂದರ್ತಾರ್ರಿ," ಎಂದಳು.

ಒಬ್ಬಾಕೆ ಗೋಡೆಗೆ ಹಣೆ ಒತ್ತಿಕೊಂಡು ಸುಮ್ಮನೆ ಕೂತಿದ್ದಳು. ನಾನು ಬರುವಾಗಲೂ ಹಾಗೆಯೇ ಇದ್ದಳು.

ತುಂಬದ ಅರ್ಜಿಯನ್ನು ಅವ್ವ ಬುದ್ಧನ ಫೋಟೊದ ಹಿಂದೆ ಸಿಕ್ಕಿಸಿದಳು. ನಾನು ಸಾವ್ಕಾರರ ಹತ್ತಿರ ಹೋಗಿ, ಶೀತಲ್ ಹಿಂದಿನ ಕೋಣೆಯಲ್ಲಿ ಬೇಳೆಕಾಳು ಪೊಟ್ಟಣ ಕಟ್ಟುತ್ತಾಳೆ, ನನ್ನ ಕಣ್ಣೆದುರು ಇರುತ್ತಾಳೆ ಎಂದು ಕೇಳಿಕೊಂಡೆ. ಅವರು ಗಲ್ಲ ತುರಿಸಿಕೊಂಡರು.

"ನಿಮ್ಮಪ್ಪ ನಮ್ಮ ಅಡತಿಯೊಳಗ ಇಪ್ಪತ್ತ ವರ್ಸ ಕಾಳ ಅಳದಾನ. ಆ ಮುಖಾ ನೋಡಿ ಹೂಂ ಅನ್ನಾಕತ್ತೇನಿ. ಒಂದ ತಿಂಗಳಾ ನೋಡೂನು. ಗಿರಾಕಿಗೆ ತ್ರಾಸ ಆಗಬಾರದು, ಅಷ್ಟ."

ಒಂದು ತಿಂಗಳು. ಅಷ್ಟರಲ್ಲಿ ಅವಳು ಆ ಹಾಡಿಗೆ ಹೊಂದಿಕೊಳ್ಳದಿದ್ದರೆ ಅರ್ಜಿ ಫೋಟೊದ ಹಿಂದಿನಿಂದ ಹೊರಗೆ ಬರುತ್ತಿತ್ತು.

ಕಾರ್ಖಾನೆಯವರು ಹಾಕಿಕೊಳ್ಳುವಂಥ ಕಿವಿಮುಚ್ಚಳವೊಂದನ್ನು ತರಿಸಿದೆ. ಬಿಲ್ಲಿನ ಕೌಂಟರಿನಲ್ಲಿ ಕೂರುವ ವಹೀದಾ ಆಪಾ ಅದನ್ನು ನೋಡಿ, "ಏನಿದು, ವಿಮಾನ ನಡಸಾಕ ಹೊಂಟಾಳೇನ?" ಎಂದಳು. ಶೀತಲ್ ಅವಳನ್ನು ಗಂಭೀರವಾಗಿ ನೋಡಿ, "ಇಲ್ಲ. ಬೇಳಿ," ಎಂದಳು. ವಹೀದಾ ಆಪಾ ಆ ದಿನವಿಡೀ ಅದನ್ನೇ ಹೇಳಿಕೊಂಡು ನಕ್ಕಳು.

ಮೊದಲ ಹತ್ತು ದಿನ ಎಲ್ಲ ಚೆನ್ನಾಗಿ ನಡೆಯಿತು. ಶೀತಲ್ ತೊಗರಿಬೇಳೆಯ ಚೀಲಕ್ಕೆ ಕೈ ಹಾಕಿ ಬೊಗಸೆಯಿಂದ ಪೊಟ್ಟಣಕ್ಕೆ ಸುರಿದರೆ ತಕ್ಕಡಿ ಅರ್ಧ ಕಿಲೊ ತೋರಿಸುತ್ತಿತ್ತು. ಮತ್ತೆ ಸುರಿದರೆ ಮತ್ತೆ ಅರ್ಧ ಕಿಲೊ. ಸಾವ್ಕಾರರು ಬಂದು ಎರಡು ಸಲ ಪರೀಕ್ಷಿಸಿ, ತಕ್ಕಡಿಯೇ ಕೆಟ್ಟಿದೆಯೇನೋ ಎಂದು ಬೇರೆಯದನ್ನು ತಂದಿಟ್ಟು ನೋಡಿದರು.

ಹನ್ನೊಂದನೆಯ ದಿನ ಅವಳು ಕಿವಿಮುಚ್ಚಳ ತೆಗೆದಳು.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡು ಉಸಿರಿನಷ್ಟು ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಶೀತಲ್‌ಳ ಕೈ ಬೇಳೆಯೊಳಗೆ ಹಾಗೆಯೇ ನಿಂತಿತು. ತಲೆ ನೆಲದ ಕಡೆ ವಾಲಿತು. ಹಾಡು ಶುರುವಾದೊಡನೆ ಕೆನ್ನೆಗೆ ಹೊಡೆದವರಂತೆ ಬೆಚ್ಚಿ ಎರಡೂ ಕಿವಿ ಹಿಡಿದುಕೊಂಡಳು. ಮುಂದಿನ ಬಿಡುವು ಬಂದಾಗ ಮತ್ತೆ ಕೈ ತೆಗೆದಳು.

"ಅಕ್ಕಾ, ಕೇಳಿದ್ಯಾ?"

"ಏನ?"

"ಕೆಳಗ ಕಾಳ ಅಳ್ಯಾಕತ್ತಾರ."

ಅಪ್ಪ ಕಾಳು ಅಳೆಯುವ ರೀತಿ ನೋಡಿದವರಿಗೆ ಮಾತ್ರ ಆ ಮಾತು ಯಾಕೆ ಮೈ ತಣ್ಣಗಾಗಿಸಿತೆಂದು ಗೊತ್ತಾದೀತು. ತಕ್ಕಡಿ ಬಂದ ಮೇಲೂ ಹುಡಗಿ, ನಿರ್ಣಾ ಎಂಬ ಊರುಗಳ ಕಡೆಯ ಮುದುಕರಿಗೆ ಅಳತೆಯ ಮೇಲೆಯೇ ನಂಬಿಕೆ. ಅಪ್ಪ ರಾಶಿಯ ಮುಂದೆ ಒಂದು ಮಂಡಿಯೂರಿ, ಪಾಯಲಿ ಎಂದು ನಾವು ಕರೆಯುವ ಹಿತ್ತಾಳೆಯ ಅಳತೆಯಲ್ಲಿ ಜೋಳ ತುಂಬಿ ಚೀಲಕ್ಕೆ ಸುರಿಯುತ್ತಿದ್ದ. ಮೊದಲ ಪಾಯಲಿಯನ್ನು ಯಾರೂ ಒಂದು ಎನ್ನುವುದಿಲ್ಲ. ಬರಕತ್, ಅಂದರೆ ಸಮೃದ್ಧಿ, ಎನ್ನುತ್ತಾರೆ. ಒಂದು ಎಂದರೆ ರಾಶಿ ಅಲ್ಲಿಗೇ ಕಡಿಮೆಯಾಗತೊಡಗುತ್ತದೆ ಎಂದು ನಂಬಿಕೆ. ಎರಡನೆಯದು ತುಂಬುವವರೆಗೆ "ಬರಕತ್ ಬರಕತ್ ಬರಕತ್" ಎಂದು ಹಾಡಿನಂತೆ ಅನ್ನುತ್ತಲೇ ಇರಬೇಕು, ಎಣಿಕೆ ತಪ್ಪದಂತೆ. ಆಮೇಲೆ "ಎರಡ ಎರಡ ಎರಡ." ಆ ಹೊತ್ತಿನಲ್ಲಿ ಅಪ್ಪನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಯಾರಾದರೂ ನಡುವೆ ಬಾಯಿ ಹಾಕಿ ಎಣಿಕೆ ತಪ್ಪಿದರೆ, ಅಪ್ಪ ಅಳೆದದ್ದನ್ನೆಲ್ಲ ರಾಶಿಗೆ ಸುರಿದು, ಬೈಯದೆ, ಮತ್ತೆ ಬರಕತ್‌ನಿಂದ ಹಿಡಿಯುತ್ತಿದ್ದ. ಇಪ್ಪತ್ತು ಪಾಯಲಿಗೆ ಒಂದು ಚೀಲ. ಇಪ್ಪತ್ತು ಮುಗಿದರೆ ಅಂಗೈಯಿಂದ ಚೀಲಕ್ಕೆ ಎರಡು ಸಲ ಬಡಿಯುತ್ತಿದ್ದ. ಮುಗಿಯಿತು ಎಂದು.

ಐದು ವರ್ಷದ ಶೀತಲ್ ಅಳದೆ ಕೂರುತ್ತಿದ್ದ ಜಾಗ ಜಗತ್ತಿನಲ್ಲಿ ಅದೊಂದೇ. ರಾಶಿಯ ಮಗ್ಗುಲಲ್ಲಿ ಕೂತು ಅಪ್ಪನ ಜೊತೆ ಸಣ್ಣ ದನಿಯಲ್ಲಿ ಎಣಿಸುತ್ತಿದ್ದಳು. ದವಸ ಕೊಂಡು ಮಾರುವ ಆ ಅಡತಿ ಮತ್ತು ಅದರ ಹಿತ್ತಿಲು ಇದ್ದ ಜಾಗದಲ್ಲೇ ಈಗ ಅಂಗಡಿ ಕಟ್ಟಿರುವುದು.

ಆ ದಿನದಿಂದ ಪ್ರತಿ ಬಿಡುವಿನಲ್ಲೂ ಅವಳ ತುಟಿ ಆಡತೊಡಗಿತು. "ಬರಕತ್ ಬರಕತ್..." ಹಾಡು ಬಂದು ಮೇಲೆ ಬೀಳುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಮುಂದಿನ ಬಿಡುವಿನಲ್ಲಿ ಮತ್ತೆ ಬರಕತ್. ಎರಡಕ್ಕೆ ಹೋಗಲು ಆಗುತ್ತಲೇ ಇರಲಿಲ್ಲ.

ಸಂಜೆಯ ಬಸ್ಸಿನಲ್ಲಿ, ಎಂಜಿನ್ನಿನ ಸದ್ದಿನೊಳಗೆ, ಅವಳು ಸರಳಿನಿಂದ ಕೆನ್ನೆ ತೆಗೆಯದೆಯೇ ಕೇಳಿದಳು:

"ಮುಗಸಾಕ ಯಾಕ ಬಿಡವಲ್ರು?"

"ಯಾರನ್ನ, ಶೀತಲ್?"

ಅವಳು ನನ್ನನ್ನು ನೋಡಿದ ನೋಟದಲ್ಲಿ ಬೇಸರವಿತ್ತು. ಗೊತ್ತಿದ್ದೂ ಕೇಳುವವರನ್ನು ನೋಡುವ ಹಾಗೆ.

"ಅಪ್ಪ ಇಲ್ಲವ್ವಾ," ಎಂದೆ. "ಮೂರ ವರ್ಸ ಆತು."

"ಹೂಂ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಕೆಳಗ," ಎಂದಳು.

ನಾನು ಮೌನವನ್ನು ಬಲ್ಲವಳು ಎಂದುಕೊಂಡಿದ್ದೆ. ಸಣ್ಣವಳಿದ್ದಾಗ ಬುದ್ಧವಿಹಾರದಲ್ಲಿ ವಂದನೆ ಮುಗಿದು ಎಲ್ಲರೂ ಕಣ್ಣುಮುಚ್ಚಿ ಕೂತಾಗ ಬರುವ ಆ ಐದು ನಿಮಿಷಕ್ಕಾಗಿಯೇ ಹೋಗುತ್ತಿದ್ದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾರೂ ಬಾರದ ಕಪಾಟುಗಳ ನಡುವೆ ಊಟದ ಹೊತ್ತು ಕಳೆಯುತ್ತಿದ್ದೆ. ಮರುದಿನ ಮೂರನೆಯ ಸಾಲಿನಲ್ಲಿ ಬಿದ್ದ ಪೊಟ್ಟಣ ಎತ್ತುವ ನೆಪದಲ್ಲಿ ಬಾಗಿ, ಬಿಡುವಿಗಾಗಿ ಕಾದು, ಕಿವಿಯನ್ನು ಟೈಲ್ಸಿಗೆ ಹಚ್ಚಿದೆ. ಕರಿ ಪೆಟ್ಟಿಗೆಯ ನಡುಕ ನೆಲದಲ್ಲಿ ಇನ್ನೂ ಆರುತ್ತಿತ್ತು, ಅಷ್ಟರಲ್ಲಿ ಮುಂದಿನ ಹಾಡು ಬಂತು. ಏನೂ ಕೇಳಿಸಲಿಲ್ಲ.

ಆದರೆ ಏಳುವಾಗ ಒಂದು ವಿಷಯ ಗಮನಿಸಿದೆ. ಬೇರೆ ಸಾಲುಗಳಲ್ಲಿ ಟೈಲ್ಸಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿತ್ತು. ಇಲ್ಲಿ ಸಂದಿ ಖಾಲಿ. ಉಗುರು ಹಾಕಿದರೆ ಒಳಗೆ ಹೋಗುತ್ತಿತ್ತು. ಕಸಗುಡಿಸುವಾಗ ಕಿತ್ತು ಹೋಗಿರಬೇಕು ಎಂದುಕೊಂಡು ಬಿಟ್ಟೆ. ಮೂರು ದಿನ ಬಿಟ್ಟು ನೋಡಿದಾಗ ಆ ಖಾಲಿ ಗೆರೆ ಇನ್ನೆರಡು ಟೈಲ್ಸಿನಷ್ಟು ಉದ್ದವಾಗಿತ್ತು.

ವಹೀದಾ ಆಪಾಳ ನಗೆಚಾಟಿಕೆ ಕಡಿಮೆಯಾಯಿತು. ಒಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದಳು.

"ಹುಡಗಿ ಊರ ಕಡಿಯಾಕಿ ಒಬ್ಬಾಕಿ ಕೇಳಿದ್ಳು, ಒಳಗಿನ ಹುಡುಗಿ ಯಾರ ಕೂಡ ಮಾತಾಡಾಕತ್ತಾಳ ಅಂತ. ಕಿವ್ಯಾಗ ಅಷ್ಟ ದೊಡ್ಡ ಡಬ್ಬಿ ಅದಲ್ಲ, ಫೋನಿನ್ಯಾಗ ಅದಾಳ ಅಂತ ಹೇಳಿಬಿಟ್ಟೆ."

"ಚಲೋ ಮಾಡಿದಿ ಆಪಾ."

"ಚಲೋ ಏನ್ ಬಂತು? ನಿನ್ನಿ ಹಾಡ ಬದಲ ಆಗೋ ಮುಂದ ನನಗೂ ಏನೋ ಕೇಳಿದಂಗ ಆತು. ಆವಾಗಿಂದ ನಾನ ವಾಲ್ಯೂಮ್ ಜರಾ ಏರಸಾಕತ್ತೇನಿ."

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಅಂದು ಎಣ್ಣೆ ಬಂದಿತ್ತು. ಹಮಾಲನೊಬ್ಬ ಹದಿನೈದು ಕಿಲೊದ ಡಬ್ಬಿಗಳನ್ನು ಗಾಡಿಯ ಮೇಲೆ ಪೇರಿಸಿಕೊಂಡು ಮೂರನೆಯ ಸಾಲಿಗೆ ತಿರುಗಿಸಿದ. ಅದೆಲ್ಲಿದ್ದಳೋ ಶೀತಲ್, ಕಿವಿಮುಚ್ಚಳವಿಲ್ಲದೆ ಓಡಿಬಂದು, ಸಾಲಿನ ಬಾಯಿಗೆ ಅಡ್ಡ ಕೂತು ಎರಡೂ ಕೈ ಚಾಚಿದಳು.

"ಭಾರ ಬ್ಯಾಡ. ಭಾರ ಬ್ಯಾಡ. ಭಾರ ಬ್ಯಾಡ."

ದನಿ ಏರುತ್ತ ಹೋಯಿತು. ಗಿರಾಕಿಗಳು ಬುಟ್ಟಿ ಹಿಡಿದು ನಿಂತರು. ತುಳಜಾರಾಮ ಸಾವ್ಕಾರರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು, ಅವಳ ಕಡೆ ನೋಡದೆ, ಫೋನು ತೆಗೆದು ಹಾಡನ್ನು ಜೋರು ಮಾಡಿದರು. ಅವಳ ಕೂಗು ಮುಚ್ಚಿಹೋಗಲೆಂದು. ಕರಿ ಪೆಟ್ಟಿಗೆ ಗುಡುಗಿತು. ಶೀತಲ್ ಹಣೆಯನ್ನು ಕಪಾಟಿಗೆ ಬಡಿದುಕೊಳ್ಳತೊಡಗಿದಳು.

ನಾನು ಹಿಂದಿನಿಂದ ಹೋಗಿ ಅಪ್ಪಿ ಹಿಡಿದೆ, ಬೆನ್ನಿಗೆ ಬಲವಾಗಿ ಒತ್ತಿ, ಮಾತಾಡದೆ. ಹಾಗೆಯೇ ಎಳೆದುಕೊಂಡು ಹಿಂದಿನ ಕೋಣೆಗೆ ಹೋದೆ. ಅವಳ ಹಣೆಯಲ್ಲಿ ಕೆಂಪು ಬಾಸುಂಡೆ ಎದ್ದಿತ್ತು. ಕಿವಿಮುಚ್ಚಳ ಹಾಕಿ, ಬೇಳೆಯ ಚೀಲದ ಮುಂದೆ ಕೂರಿಸಿದೆ. ಕೈ ಬೇಳೆಯೊಳಗೆ ಹೋದ ಮೇಲೆ ಉಸಿರು ಸ್ವಲ್ಪ ಇಳಿಯಿತು.

ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು.

"ನೀ ಬಾ ಆಮ್ರಪಾಲಿ. ನಿನ್ನ ಕೆಲಸಕ್ಕ ನಾ ಏನೂ ಅನ್ನಂಗಿಲ್ಲ. ಆಕಿ ನಾಳಿಂದ ಬ್ಯಾಡ."

ಫೋಟೊದ ಹಿಂದಿನ ಕಾಗದ ನೆನಪಾಯಿತು, ಗೋಡೆಗೆ ಹಣೆ ಒತ್ತಿದ್ದ ಆ ಹೆಂಗಸು ಕಣ್ಣ ಮುಂದೆ ಬಂದಳು.

"ಸಾವ್ಕಾರ್ರ, ಒಂದ ಕೇಳ್ತೇನಿ. ಹತ್ತ ನಿಮಿಷ ಹಾಡ ಬಂದ್ ಮಾಡ್ರಿ. ಆಕಿ ಹ್ಯಾಂಗ ಇರ್ತಾಳ ನೋಡ್ರಿ. ಆಮ್ಯಾಲೂ ಬ್ಯಾಡ ಅಂದ್ರ ಕರ್ಕೊಂಡ ಹೋಗ್ತೇನಿ."

"ಹಾಡಿಲ್ಲಂದ್ರ ಅಂಗಡಿ ಸತ್ತಂಗ ಕಾಣ್ತದ."

"ಹತ್ತ ನಿಮಿಷರಿ."

ಅವರು ಮುಖ ತಿರುಗಿಸಿ ಗಲ್ಲಾದ ಕಡೆ ನಡೆದರು. ನಾನೂ ಹಿಂದೆಯೇ ಹೋದೆ. "ನಮ್ಮಪ್ಪ ಹೋದ ಮ್ಯಾಲ ಈ ಜಾಗಾ ಬಾಳ ಸುಮ್ಮ ಆಗಿತ್ತು. ಗಲ್ಲಾದ ಮ್ಯಾಲ ಒಬ್ಬನ ಕುಂದ್ರಾಕ ಆಗತಿದ್ದಿಲ್ಲ. ಅದಕ್ಕ ಹಚ್ಚಿದ್ದು. ಗಿರಾಕಿ ಮಾತೆಲ್ಲ ಆಮ್ಯಾಲಿಂದು."

ಹೊರಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವರ ತಾಯಿ ಮಾಣಿಕಮ್ಮ ಕೂತಿದ್ದರು. ಎಂಬತ್ತರ ಮುದುಕಿ, ದಿನಾ ಮಧ್ಯಾಹ್ನ ಮೇಲಿನ ಮನೆಯಿಂದ ಇಳಿದು ಬಂದು ಅಲ್ಲಿ ಕೂರುವುದು ಅವರ ರೂಢಿ.

"ಬಂದ್ ಮಾಡೋ ತುಳಜಾ," ಎಂದರು ಅಲ್ಲಿಂದಲೇ. "ಐದ ವರ್ಸ ಆತು. ನೀ ಅಂಜತಿ ಅಂತ ನಾವೆಲ್ಲ ಕಿವುಡ ಆಗಬೇಕೇನು?"

ವಹೀದಾ ಆಪಾ ಬಿಲ್ಲಿನ ಯಂತ್ರದ ಮೇಲೆ ಮುಖ ಬಗ್ಗಿಸಿದಳು. ಸಾವ್ಕಾರರು ಫೋನು ಒತ್ತಿದರು.

ಹಾಡು ನಿಂತಿತು. ಗೋಡೆಗಳು ಒಂದು ಹೆಜ್ಜೆ ಹಿಂದೆ ಸರಿದಂತೆ ಕಂಡವು. ಆಮೇಲೆ ಸಣ್ಣ ಸದ್ದುಗಳು ಒಂದೊಂದಾಗಿ ಹೊರಬಂದವು. ಫ್ಯಾನು. ತಣ್ಣೀರಿನ ಫ್ರಿಜ್ಜು. ಯಾರದೋ ಬುಟ್ಟಿಯ ಹಿಡಿಕೆ. ವಹೀದಾ ಆಪಾ ಏನನ್ನಿಸಿತೋ, ಎದ್ದು ಫ್ಯಾನು ಆರಿಸಿದಳು. ಫ್ರಿಜ್ಜು ತಾನಾಗಿಯೇ ಒಮ್ಮೆ ಗುಟುಕಿಸಿ ಸುಮ್ಮನಾಯಿತು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಅದೂ ಹೋಯಿತು.

ಆಗ ಕೇಳಿಸಿತು.

ಪಾಯಲಿಯಿಂದ ಚೀಲಕ್ಕೆ ಜೋಳ ಸುರಿದ ಸದ್ದು. ಸರ್ರನೆ ಸುರಿದು, ಕೊನೆಗೆ ನಾಲ್ಕು ಕಾಳು ಹಿಂದುಳಿದು ಬೀಳುವ ಹಾಗೆ. ನಂತರ ಸ್ವಲ್ಪ ಹೊತ್ತು ಏನಿಲ್ಲ. ಪಾಯಲಿ ತುಂಬುವಷ್ಟು ಹೊತ್ತು. ಮತ್ತೆ ಸರ್ರನೆ.

ಅಂಗಡಿಯಲ್ಲಿದ್ದ ಏಳೆಂಟು ಜನರಲ್ಲಿ ಯಾರೂ ಅಲುಗಲಿಲ್ಲ. ಹಿಂದಿನ ಕೋಣೆಯಿಂದ ಶೀತಲ್‌ಳ ದನಿ ಬಂತು. ಕೂಗಲ್ಲ, ಅಳುವಲ್ಲ. ನೆಮ್ಮದಿಯ ಸಣ್ಣ ದನಿ.

"ಬರಕತ್ ಬರಕತ್ ಬರಕತ್..."

ಕೆಳಗೆ ಸುರಿಯಿತು.

"ಎರಡ ಎರಡ ಎರಡ..."

ಕೆಳಗೆ ಸುರಿಯಿತು.

ಮಾಣಿಕಮ್ಮ ಕುರ್ಚಿಯ ತೋಳು ಹಿಡಿದು ಎದ್ದರು. "ತುಳಜಾ, ಇದು ಹಗೇವು."

ಹಗೇವು ಎಂದರೆ ಜೋಳ ತುಂಬಿಡಲು ನೆಲದಡಿ ಹೂಜಿಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇರುತ್ತಿತ್ತು.

"ಅದು ಹಿತ್ತಲದಾಗ ಇತ್ತಲ್ಲಬೇ," ಎಂದರು ಸಾವ್ಕಾರರು.

"ಆ ಹಿತ್ತಲಾನ ಅಂಗಡಿ ಆಗಿದ್ದು. ಕಟ್ಟೋ ಮುಂದ ನೀ ಹೈದ್ರಾಬಾದಿನ್ಯಾಗ ಇದ್ದಿ."

"ಮಣ್ಣ ತುಂಬಿಸಿರ್ತಾನಲ್ಲ ಅಪ್ಪ?"

"ಹ್ಯಾಂಗ ತುಂಬಸ್ತಾನ? ಹಗೇವು ಪೂರಾ ಖಾಲಿ ಮಾಡಬಾರದಂತ ಒಂದ ಪಾಯಲಿ ಜೋಳ ಬರಕತ್ ಅಂತ ಬಿಟ್ಟಿದ್ದ. ಅನ್ನದ ಮ್ಯಾಲ ಮಣ್ಣ ಹಾಕಂಗಿಲ್ಲ ಅಂದ. ಗೌಂಡಿ ಎಷ್ಟ ಹೇಳಿದ್ರೂ ಕೇಳಲಿಲ್ಲ. ಬಾಯಿಗೆ ಒಂದ ಹಾಸಗಲ್ಲ ಮುಚ್ಚಿ, ಅದರ ಮ್ಯಾಲ ಈ ಬಿಳಿ ಫರ್ಸಿ ಹಾಕಿಸಿದ." ಮುದುಕಿ ನನ್ನ ಕಡೆ ತಿರುಗಿದರು. "ಆ ಪಾಯಲಿ ಅಳದು ಇಟ್ಟಾಂವ ನಿಮ್ಮಪ್ಪನ. ಮಚ್ಚೇಂದ್ರ."

ಕೆಳಗೆ ಸುರಿಯಿತು. "ಏಳ ಏಳ ಏಳ..."

"ಒಂದ ಪಾಯಲಿ ಇಟ್ಟಿದ್ದು," ಎಂದರು ಮಾಣಿಕಮ್ಮ ಮೆಲ್ಲಗೆ. "ಇಷ್ಟೊತ್ತು ಸುರ್ಯಾಕ ಎಲ್ಲಿಂದ ಬರಾಕತ್ತದ?"

ಆಗ ನನಗೆ ಆ ಖಾಲಿ ಸಂದಿಗಳು ನೆನಪಾದವು. ಸಿಮೆಂಟು ಕಸಬರಿಗೆಗೆ ಕಿತ್ತು ಹೋಗಿರಲಿಲ್ಲ. ಕೆಳಗೆ ಹೋಗಿತ್ತು.

"ಎಲ್ಲಾರೂ ಹೊರಗ ನಡೀರಿ," ಎಂದೆ. "ಮೂರನೇ ಸಾಲಿಗೆ ಹೋಗಬ್ಯಾಡ್ರಿ. ನೆಲ ಇಳ್ಯಾಕತ್ತದ."

ವಹೀದಾ ಆಪಾ ಗಿರಾಕಿಗಳನ್ನು ತೋಳು ಹಿಡಿದು ಬಾಗಿಲಿಗೆ ದಾಟಿಸಿದಳು. ಸಾವ್ಕಾರರು ತಾಯಿಯನ್ನು ಹಿಡಿದುಕೊಂಡರು. ನಾನು ಗೋಡೆಯ ಮಗ್ಗುಲಿನಿಂದ ಹಿಂದಿನ ಕೋಣೆಗೆ ಹೋದೆ.

ಶೀತಲ್ ಒಂದು ಮಂಡಿಯೂರಿ ಕೂತಿದ್ದಳು. ಕಿವಿಮುಚ್ಚಳ ನೆಲದ ಮೇಲಿತ್ತು. ತಿಂಗಳಿಂದ ಅವಳ ಹುಬ್ಬಿನ ನಡುವೆ ಇದ್ದ ಗಂಟು ಬಿಚ್ಚಿತ್ತು.

"ಶೀತಲ್, ಏಳು."

ಅವಳು ಅಂಗೈ ಎತ್ತಿ ತೋರಿಸಿದಳು. ಅಪ್ಪ ತೋರಿಸುತ್ತಿದ್ದ ಹಾಗೆ. ನಡುವೆ ಬಾಯಿ ಹಾಕಬೇಡ.

"ಹದಿಮೂರ ಹದಿಮೂರ ಹದಿಮೂರ..."

ಎಳೆದುಕೊಂಡು ಹೋಗಬಹುದಿತ್ತು. ಎಳೆದರೆ ಎಣಿಕೆ ತಪ್ಪುತ್ತದೆ. ತಪ್ಪಿದರೆ ಬರಕತ್‌ನಿಂದ ಶುರು ಮಾಡುತ್ತಾಳೆ, ಕೂಗುತ್ತಾಳೆ, ಕೈ ತಪ್ಪಿಸಿಕೊಂಡು ಮತ್ತೆ ಇಲ್ಲಿಗೇ ಓಡಿ ಬರುತ್ತಾಳೆ. ಬಾಗಿಲವರೆಗಿನ ಇಪ್ಪತ್ತು ಹೆಜ್ಜೆಯನ್ನು ಅವಳ ಜೊತೆ ಗುದ್ದಾಡುತ್ತ ದಾಟಲಾರೆ. ಹೊರಗಿನಿಂದ ಸಾವ್ಕಾರರು ನನ್ನ ಹೆಸರು ಕೂಗಿದರು. ನಾನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಸುಮ್ಮನಾದರು.

ನಾನು ಅವಳ ಪಕ್ಕ ನಿಂತು ಕಾದೆ. ಹದಿನಾಲ್ಕು. ಹದಿನೈದು. ಕೋಣೆಯ ಬಾಗಿಲಿನಿಂದ ಮೂರನೆಯ ಸಾಲು ಕಾಣುತ್ತಿತ್ತು. ಎಣ್ಣೆಯ ಡಬ್ಬಿಯೊಂದು ಗೊತ್ತಾಗದಷ್ಟು ನಿಧಾನವಾಗಿ ವಾಲುತ್ತಿತ್ತು. ಹದಿನೇಳು. ಹತ್ತೊಂಬತ್ತು.

"ಇಪ್ಪತ್ತ," ಎಂದಳು ಶೀತಲ್.

ಕೆಳಗಿನಿಂದ ಎರಡು ಸಲ ಬಡಿದ ಸದ್ದು ಬಂತು.

ಅವಳು ಎದ್ದು ಮಂಡಿಯ ಧೂಳು ಕೊಡವಿಕೊಂಡಳು. "ಮುಗೀತು," ಎಂದು ನನ್ನ ಕುರ್ತಾದ ಅಂಚು ಹಿಡಿದಳು. ಗೋಡೆಯ ಮಗ್ಗುಲಿನಿಂದ ಸುತ್ತಿ, ಮೊದಲ ಸಾಲಿನಿಂದ, ಅವಸರವಿಲ್ಲದೆ ಹೊರಗೆ ಬಂದೆವು.

ನಾವು ಹೊಸ್ತಿಲು ದಾಟಿದ ಮೇಲೆ ಮೂರನೆಯ ಸಾಲು ಇಳಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಕಪಾಟುಗಳು ಒಂದರ ಮೇಲೊಂದು ತಲೆ ಇಟ್ಟವು. ಡಬ್ಬಿಗಳು ಒಂದೊಂದಾಗಿ ಜಾರಿ ಹೋದವು. ಕೊನೆಗೆ ಕರಿ ಪೆಟ್ಟಿಗೆ ತನ್ನ ವೈರು ಎಳೆದುಕೊಂಡು ಅವುಗಳ ಹಿಂದೆ ಹೋಯಿತು. ಹುಳಿತ ಹಳೆಯ ಜೋಳದ ವಾಸನೆ ರಸ್ತೆಯವರೆಗೆ ಬಂತು.

ಧೂಳು ಕೂತ ಮೇಲೆ ಮಾಣಿಕಮ್ಮ ಒಂದು ದೀಪ ತರಿಸಿ, ಬಕೆಟಿನಲ್ಲಿಟ್ಟು, ಹಗ್ಗದಿಂದ ಆ ಬಾಯೊಳಗೆ ಇಳಿಬಿಡಿಸಿದರು. ಮೊಳದಷ್ಟು ಇಳಿಯುವುದರೊಳಗೆ ಆರಿತು. ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಆರಿತು. ಒಳ್ಳೆಯ ಗಾಳಿ ಅಲ್ಲಿರಲಿಲ್ಲ. ಬಿದ್ದಿದ್ದರೆ ಯಾರೂ ಮೇಲೆ ಬರುತ್ತಿರಲಿಲ್ಲ.

ಎಂಜಿನಿಯರ್ ಬಂದು ನೋಡಿದರು. ಹಾಸುಗಲ್ಲು ಬಿರುಕು ಬಿಟ್ಟಿತ್ತು, ಮೇಲಿನ ಭಾರ ಮತ್ತು ಆ ಪೆಟ್ಟಿಗೆಯ ನಡುಕದಿಂದ ಒಳಗಿನ ಮಣ್ಣು ತಿಂಗಳುಗಟ್ಟಲೆ ಉದುರುತ್ತಿತ್ತು ಎಂದರು. ಎರಡು ಬಡಿತವೆಂದರೆ ಕಲ್ಲು ಎರಡು ಕಡೆ ಮುರಿದ ಸದ್ದು. ನಾನು ಒಪ್ಪುತ್ತೇನೆ. ಮಣ್ಣು ಉದುರಿದಂತೆ ಶೀತಲ್ ಎಣಿಸಿದಳು, ಅವಳು ಎಣಿಸಿದಂತೆ ಮಣ್ಣು ಉದುರಲಿಲ್ಲ. ಅದನ್ನೂ ಒಪ್ಪುತ್ತೇನೆ. ಆದರೆ ನೆಲ ಬೀಳುವ ಮೊದಲು, ಬಡಿತ ಕೇಳಿದ ತಕ್ಷಣ, ಅವಳು ಮುಗೀತು ಎಂದದ್ದನ್ನು ನಾನು ಎಂಜಿನಿಯರಿಗೆ ಹೇಳಲಿಲ್ಲ.

ಟ್ರ್ಯಾಕ್ಟರುಗಳಲ್ಲಿ ಕಲ್ಲು, ಕಾಂಕ್ರೀಟು ತಂದು ತುಂಬಿಸುವ ದಿನ ಮಾಣಿಕಮ್ಮ ಪಟ್ಟು ಹಿಡಿದರು. ಮೊದಲು ಒಂದು ಪಾಯಲಿ ಜೋಳ ಹೋಗಬೇಕು, ಅದನ್ನು ಮಚ್ಚೇಂದ್ರನ ಮಗಳೇ ಅಳೆಯಬೇಕು. ಶೀತಲ್ ಮಂಡಿಯೂರಿ ತುಂಬಿದಳು. "ಬರಕತ್," ಎಂದು ಹಗೇವಿನ ಬಾಯೊಳಗೆ ಸುರಿದಳು. ಎಲ್ಲರೂ ಉಸಿರು ಹಿಡಿದಿದ್ದರು. ಎರಡಾಳು ಆಳದ ಗುಂಡಿ. ಕಾಳು ಕೆಳಗೆ ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ. ಶೀತಲ್ ಮಾತ್ರ ತಲೆಯಾಡಿಸಿ ಎದ್ದಳು.

ಈಗ ಅಂಗಡಿಯಲ್ಲಿ ಹಾಡಿಲ್ಲ. ಹೊಸ ಪೆಟ್ಟಿಗೆ ಬರಬೇಕು ಎಂದು ಸಾವ್ಕಾರರು ಹೇಳುತ್ತಾರೆ. ಛಾವಣಿಯ ಎಂಟು ಸ್ಪೀಕರ್‌ಗಳು ಹಾಗೆಯೇ ಇವೆ, ಯಾರೂ ಹಚ್ಚುವುದಿಲ್ಲ. ಹಾಡಿಲ್ಲದೆ ಕೂರಲಾರದವರಾಗಿದ್ದ ಅವರು ಈಗ ಯಾರದಾದರೂ ಫೋನು ರಿಂಗಾದರೂ ಬೆಚ್ಚಿ ನೆಲ ನೋಡುತ್ತಾರೆ. ಗಿರಾಕಿಗಳು ತಾವಾಗಿಯೇ ದನಿ ತಗ್ಗಿಸುತ್ತಾರೆ. "ಅಂಗಡಿ ಅಲ್ಲವ್ವಾ ಇದು, ಪರೀಕ್ಷಾ ಹಾಲು," ಎನ್ನುತ್ತಾಳೆ ವಹೀದಾ ಆಪಾ, ಅದನ್ನೂ ಪಿಸುಮಾತಿನಲ್ಲಿ. ಅವ್ವ ಆ ಅರ್ಜಿಯನ್ನು ಫೋಟೊದ ಹಿಂದಿನಿಂದ ತೆಗೆದು ಹಿಟ್ಟಿನ ಡಬ್ಬಿಯ ಕೆಳಗೆ ಹಾಸಿದಳು.

ಶೀತಲ್ ದಿನಾ ಬರುತ್ತಾಳೆ, ಕಿವಿಮುಚ್ಚಳವಿಲ್ಲದೆ. ಹೊಸ ನೆಲ ಹಾಕಿದ ಮೂರನೆಯ ಸಾಲಿನ ನಡುವೆಯೇ, ಹೆಬ್ಬೆರಳಿನ ಮುಂದೆ ಹಿಮ್ಮಡಿಯಿಟ್ಟು, ಹಗ್ಗದ ಮೇಲೆ ನಡೆದಂತೆ ನಡೆದು ಹಿಂದಿನ ಕೋಣೆಗೆ ಹೋಗುತ್ತಾಳೆ.

ನಾನು ನಾಲ್ಕನೆಯ ಸಾಲಿನಿಂದ ಸುತ್ತಿ ಹೋಗುತ್ತೇನೆ. ವಹೀದಾ ಆಪಾ ಅದನ್ನು ಗಮನಿಸಿದ್ದಾಳೆ. "ತಂಗೀದು ಅಕ್ಕಗ ಹತ್ತಿತೇನ?" ಎಂದು ಒಮ್ಮೆ ಕೇಳಿದಳು.

ನಿನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಫ್ರಿಜ್ಜು ಗುಟುಕಿಸಿ ಸುಮ್ಮನಾಯಿತು. ಮೂರನೆಯ ಸಾಲಿನ ಬಾಯಲ್ಲಿ ನಾನು ನಿಂತುಬಿಟ್ಟಿದ್ದೆ, ತಲೆ ಸ್ವಲ್ಪ ವಾಲಿಸಿ. ಎಷ್ಟು ಹೊತ್ತು ಹಾಗಿದ್ದೆನೋ. ಸಾಲಿನ ಆ ತುದಿಯಿಂದ ಶೀತಲ್ ನನ್ನನ್ನು ನೋಡುತ್ತಿದ್ದಳು.

"ಏನೂ ಇಲ್ಲ ಅಕ್ಕಾ," ಎಂದಳು. "ಬಾ."

ಅವಳು ನಡುವಿನವರೆಗೆ ಬಂದು, ಬೆನ್ನು ತಿರುಗಿಸಿ, ತನ್ನ ಕುರ್ತಾದ ಅಂಚನ್ನು ನನ್ನ ಕಡೆ ಚಾಚಿ ಹಿಡಿದು ನಿಂತಳು. ನಾನು ಕೈ ಮುಂದೆ ಮಾಡಿದೆ. ಕಾಲು ಎತ್ತಲಾಗಲಿಲ್ಲ.